ನಾನು ಕಲಿಸಿದ ‘ಈಟ್’

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಪರದೇಶಕ್ಕೆ ಬಂದು ಬೋಲ್ಟನ್ ಎಂಬ ಊರಿನ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿಳಿಸಿ ನಿವೃತ್ತನಾದವನು. ಆದರೂ ನಾವಿರುವ ಎರಿನ್ ಮಿಲ್ಸ್‌ನ ಲೈಬ್ರರಿಯಲ್ಲಿ ವಲಸೆ ಬಂದ ಹೊಸಬರಿಗೆ ಇಂಗ್ಲಿಷ್ ಮಾತು ಕಲಿಸಲು ಸ್ವಯಂಸೇವಕರು ಬೇಕೆಂದಾಗ, ಇಂಜಿನಿಯರಾಗಿದ್ದೆ ಎಂದು ಸುಳ್ಳು ಹೇಳಿ ಸೇರಿಕೊಂಡೆ. ಇಲ್ಲಿ ನನ್ನ ವಯಸ್ಸಿನ ಕನ್ನಡಿಗರು ಬಹುಪಾಲು ಡಾಕ್ಟರು, ಇಂಜಿನಿಯರುಗಳೇ. ಯಾರೂ ಅನುಮಾನಿಸಲಿಲ್ಲ.

ನನ್ನ ಪಾಲಿಗೆ ಬಂದವರು ಚೀನಾದ ಒಬ್ಬ ಹೆಣ್ಣುಮಗಳು, ಐವತ್ತು ದಾಟಿದವರು. ಮೇಲಿನ ತರಗತಿಗೆ ಹೋದರೆ ಆಕೆಗೆ ಶಿಶುವಿಹಾರದಲ್ಲಿ ಕೆಲಸ ಸಿಗುವುದಿತ್ತು. ಹಾಳೆಯ ನಡುವೆ ಗೆರೆ ಎಳೆದು, ಒಂದೊಂದು ಕ್ರಿಯಾಪದಕ್ಕೂ ಈಚೆ ನೇರ ಅರ್ಥ, ಆಚೆ ಬೇರೆ ಅರ್ಥ ಬರೆದುಕೊಳ್ಳುತ್ತಿದ್ದರು.

ಒಂದು ದಿನ ‘ಈಟ್’ ಬಂತು. ತಮ್ಮ ಭಾಷೆಯಲ್ಲಿ ಕಷ್ಟವನ್ನೂ ನಷ್ಟವನ್ನೂ ತಿನ್ನುತ್ತಾರೆ ಎಂದರು. ನಮ್ಮಲ್ಲಿ ಪೆಟ್ಟು ತಿನ್ನುತ್ತಾರೆ, ತಲೆ ತಿನ್ನುತ್ತಾರೆ ಎಂದೆ. ಇಂಗ್ಲಿಷಿನಲ್ಲೂ ಹೀಗೆಯೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

“ಸೇಮ್, ಸೇಮ್” ಎಂದೆ.

“ಟೀಚರ್, ಟುಡೇ ಐ ಈಟ್ ಯುವರ್ ಹೆಡ್” ಎಂದು ನಗುತ್ತ ಬರೆದುಕೊಂಡರು.

ಮೇಲಿನ ತರಗತಿಗೆ ಸೇರಿಸುವ ಪರೀಕ್ಷೆಯ ದಿನ ನಾನು ಪಕ್ಕದಲ್ಲೇ ಇದ್ದೆ. ತರಗತಿಗಳ ಮೇಲ್ವಿಚಾರಕಿ ಆಕೆಯ ಬಾಲ್ಯದ ಬಗ್ಗೆ ಕೇಳಿದರು. ಶಾಲೆಯಲ್ಲಿ ಬಹಳ ಪೆಟ್ಟು ತಿಂದೆ, ಊರಿನಲ್ಲಿ ಕಷ್ಟ ತಿಂದೆ ಎಂದು ಆಕೆ ‘ಈಟ್’ ಹಾಕಿ ಹೇಳುತ್ತಲೇ ಹೋದರು. ಇದು ಇಂಗ್ಲಿಷಲ್ಲ, ಯಾರು ಕಲಿಸಿದ್ದು ಎಂದು ಮೇಲ್ವಿಚಾರಕಿ ಕೇಳಿದರು. ಆಕೆ ನನ್ನ ಹೆಸರು ಹೇಳಲಿಲ್ಲ. ಸುಮ್ಮನೆ ನನ್ನತ್ತ ನೋಡಿದರು.

“ಅದು ಅವರ ಭಾಷೆಯ ಅಭ್ಯಾಸ, ಎಷ್ಟು ತಿದ್ದಿದರೂ ಬಿಡುವುದಿಲ್ಲ” ಎಂದುಬಿಟ್ಟೆ.

ಅಷ್ಟು ಇಂಗ್ಲಿಷು ಆಕೆಗೆ ಅರ್ಥವಾಗುತ್ತಿತ್ತು. ತಲೆ ತಗ್ಗಿಸಿದರು. ಅವರನ್ನು ಕೆಳಗಿನ ತರಗತಿಯಲ್ಲೇ ಉಳಿಸಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ನಾನೇ ಹೇಳ್ಕೊಟ್ಟಿದ್ದು ಅಂದಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?”

“ಇಂಜಿನಿಯರ್ ಅಂತ ಹೇಳ್ಬಿಟ್ಟಿದೀನಲ್ಲೇ.”

“ಹಾಗಾದ್ರೆ ಇಂಜಿನಿಯರ್ ಸಾಹೇಬ್ರು ಊಟ ಬಡಿಸ್ಕೊಳ್ಳಿ” ಎಂದು ಟೀವಿ ಹಾಕಿದಳು.

ಒಪ್ಪಿಕೊಳ್ಳಬೇಕೆಂದೇ ಮುಂದಿನ ವಾರ ಬೇಗ ಹೋದೆ. ಆಕೆ ಬಂದಿರಲಿಲ್ಲ. ಇನ್ನು ಬರುವುದೂ ಇಲ್ಲವಂತೆ, ವುಡ್‌ಬ್ರಿಡ್ಜ್‌ನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಾರಂತೆ. ನನ್ನ ಹಾಗೆಯೇ ಇನ್ನು ಪೆಟ್ಟಿಗೆಗಳ ನಡುವೆ. ಅಂಥವರೊಡನೆ ಅಷ್ಟು ದಿನ ಹೆಣಗಿದ ನನ್ನ ತಾಳ್ಮೆಯನ್ನು ಮೇಲ್ವಿಚಾರಕಿ ಹೊಗಳಿದರು. ಹೊಸಬರಿಬ್ಬರನ್ನು ತಂದು ನನ್ನೆದುರು ಕೂರಿಸಿದರು.

ಹೇಳಿಬಿಡೋಣವೆಂದು ಬಾಯಿ ತೆರೆದೆ. “ಥ್ಯಾಂಕ್ಯೂ” ಎಂದೆ.