ಹಗ್ಗ ನೋಡಿ ಗಿರಾಕಿ ಹುಡುಕಿದಾಕಿ

ನೀಲಕ್ಕ ಓಣಿಯಲ್ಲಿ ನಡೆಯುವಾಗ ಎಂದೂ ನೆಲ ನೋಡುತ್ತಿರಲಿಲ್ಲ. ಕತ್ತು ಮೇಲೆ, ಕಣ್ಣು ಬಟ್ಟೆ ಒಣಹಾಕಿದ ಹಗ್ಗಗಳ ಮೇಲೆ. ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ನ ಮೆಟ್ಟಿಲುಗಳಲ್ಲಿ ಎರಡು ಸಲ ಬಿದ್ದು ಮೊಣಕಾಲು ಕೆತ್ತಿಕೊಂಡರೂ ಚಟ ಬಿಡಲಿಲ್ಲ. ಹೊಸಬರು ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳುತ್ತಿದ್ದರು.

ತಲೆ ಭಾಳ ನೆಟ್ಟಗಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಜೋಳದ ರೊಟ್ಟಿ ಮಾಡಿ ಮಾರಲು ಹೊರಟಿದ್ದಳು. ಅದು ನಡೆಯದಿದ್ದರೆ ವಿಜಾಪುರದ ಕಡೆ ತಮ್ಮನ ಮನೆಗೆ ಹೋಗಿ, ಅವನ ಹೆಂಡತಿ ಹಾಕಿದ್ದು ಉಂಡು ಬಿದ್ದಿರಬೇಕು. "ಅದೊಂದು ಬ್ಯಾಡಪಾ, ಹಂಗಿನ ಕೂಳು ಗಂಟಲಾಗ ಇಳಿಯಂಗಿಲ್ಲ" ಅನ್ನುತ್ತಿದ್ದಳು. ಆದರೆ ರೊಟ್ಟಿ ಯಾರಿಗೆ ಮಾರುವುದು? ಓಣಿಯವರು ಬಸ್ ಸ್ಟ್ಯಾಂಡಿನಲ್ಲಿ ಕೂಡು ಅಂದರು, ಪಣಜಿಯ ಹೋಟೆಲುಗಳಿಗೆ ಕೊಡು ಅಂದರು. ಆಕೆ ಒಪ್ಪಲಿಲ್ಲ.

"ಪಣಜಿ ಮಂದಿ ಒಮ್ಮೆ ರುಚಿ ನೋಡತಾರ, ಸಾಕಂತಾರ. ದಿನಾ ಬೇಕನ್ನಾವ ಯಾರು? ಊರು ಬಿಟ್ಟು ಬಂದು ಒಬ್ಬಾವನ ಇರೋ ಗಂಡಸು. ನನಗ ಅವನ ಸಾಕು."

ಅಂಥವನನ್ನು ಹುಡುಕಲಿಕ್ಕೇ ಹಗ್ಗ ನೋಡುವುದು. ಬರೀ ಅಂಗಿ, ಲುಂಗಿ, ಬನಿಯನ್ ನೇತಾಡುತ್ತಿದ್ದರೆ ಬಾಗಿಲು ಬಡಿಯುವಳು. ಒಂದು ಸೀರೆ ಕಂಡರೂ ಮುಂದಿನ ಮನೆಗೆ ನಡೆ.

ನಾನಾಗ ಸಾಂಕೋಲೆಯ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಅದೇ ಓಣಿಯ ಒಂದು ಕೋಲಿಯಲ್ಲಿ, ಅಂದರೆ ಬಾಡಿಗೆ ಕೋಣೆಯಲ್ಲಿ, ಒಬ್ಬನೇ. ರಜೆಯ ದಿನ ಒಂದು ಮಾತಿಗೂ ಜನ ಇರುತ್ತಿರಲಿಲ್ಲ. ಸುಳ್ಳ್ಯಾಕೆ, ಗೋಡೆಗೆ ಮುಖ ಮಾಡಿ ಅತ್ತದ್ದೂ ಉಂಟು. ಅಕ್ಕಪಕ್ಕದ ಕೋಲಿಗಳಿಗೆಲ್ಲ ರೊಟ್ಟಿ ಬರುತ್ತಿತ್ತು, ನನಗಿಲ್ಲ. ಒಂದು ತಿಂಗಳು ತಡೆದೆ. ಕಡೆಗೆ ಸಿಟ್ಟು ಬಂದು ಮೆಟ್ಟಿಲ ಮೇಲೆ ಆಕೆಯನ್ನು ತರುಬಿದೆ.

"ಯಾಕ್ರಿ ಅಕ್ಕಾ, ನಾ ಏನ್ ಪಾಪ ಮಾಡೇನ್ರಿ?"

"ನಿನಗ್ಯಾಕೋ ತಮ್ಮಾ? ಮನ್ಯಾಗ ಹೆಣ್ತಿ ಅದಾಳಲ್ಲ! ಐತವಾರಕ್ಕೊಮ್ಮೆ ಹಸರ ಸೀರಿ ಒಣಗತೈತಿ."

"ಅದು ನಮ್ಮವ್ವನ ಹಳೇ ಸೀರೀರಿ. ಹೊಚ್ಚಿಕೊಳ್ಳಾಕ ತಂದೇನಿ."

ನೀಲಕ್ಕ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತು ನಕ್ಕಳು. "ಅಯ್ಯ ನನ ಶಿವನ! ಸೀರಿ ನೋಡಿ ನಿನಗ ಲಗ್ನಾನ ಮಾಡಿಬಿಟ್ನಲ್ಲೋ!" ಆವತ್ತು ಸಂಜೆಯೇ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಪಲ್ಯ ಬಂದವು.

ಆಕೆ ಕೊಟ್ಟು ಸುಮ್ಮನೆ ಹೋಗುವಾಕೆಯಲ್ಲ. ಹೊಸ್ತಿಲಲ್ಲಿ ನಿಂತು, ಊರಿಂದ ಪತ್ರ ಬಂತೇನು, ಜ್ವರ ಬಿಟ್ಟಿತೇನು ಎಂದು ಕೇಳಬೇಕು. ಆ ಐದು ನಿಮಿಷಕ್ಕಾಗಿ ನಾನು ಶಿಫ್ಟು ಮುಗಿಸಿ ಓಡಿ ಬರುತ್ತಿದ್ದೆ. "ಲಗೂನ ಲಗ್ನ ಆಗೋ" ಎಂದು ಬೈಯುವಾಕೆಯೂ ಅವಳೇ. "ಲಗ್ನಾದ್ರ ನಿಮ್ಮ ಗಿರಾಕಿ ಹೋತಲ್ರಿ" ಅಂತ ಕಾಡಿಸಿದರೆ, "ನನ್ನ ಧಂದೆ ನಡೀಲಿ ಅಂತ ನಿಮಗ ಒಂಟಿ ಇರ್ರಿ ಅನ್ನಾಕ ಬರತೈತೇನು?" ಅನ್ನುವಳು.

ನಾವೂ ಒಂಟಿಯಾಗಿ ಉಳಿಯಲಿಲ್ಲ. ಒಬ್ಬೊಬ್ಬರೇ ಹೆಂಡಿರನ್ನು ಕರೆತಂದೆವು. ನೀಲಕ್ಕ ಪ್ರತಿಯೊಬ್ಬಾಕೆಯ ಹತ್ತಿರವೂ ಕೂತು, ಅವಳ ಗಂಡನಿಗೆ ಖಾರ ಎಷ್ಟು ಬೇಕು, ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ ಎಲ್ಲ ಹೇಳಿಕೊಟ್ಟಳು. ನನ್ನ ಹೆಂಡತಿಗೆ, "ಇವ ಪಲ್ಯಾ ಬಿಟ್ಟು ಏಳತಾನವ್ವ, ಬೈದು ಉಣಸು" ಅಂದಳು. ಮರುದಿನದಿಂದ ನೀಲಕ್ಕ ಬರಲಿಲ್ಲ. ಸಂಜೆಯಾದರೆ ನನ್ನ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಹೊಸದಾಗಿ ಬಂದ ಕೂಲಿಯವರೂ ಒಂಟಿಗರೇ, ಆದರೆ ದೂರದ ರಾಜ್ಯಗಳವರು, ಅನ್ನ ಉಣ್ಣುವವರು. ರೊಟ್ಟಿ ಉಳಿಯತೊಡಗಿತು.

ಒಂದು ಮುಂಜಾನೆ ವಾಸ್ಕೋ ಬಸ್ ಸ್ಟ್ಯಾಂಡಿನಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದಳು. ನೋಡಿ ಹತ್ತಿರ ಓಡಿದೆ.

"ಹೋಗಬ್ಯಾಡ್ರಿ ಅಕ್ಕಾ. ನಾಳಿಂದ ನಮ್ಮನಿಗೆ ದಿನಾ ನಾಕು ರೊಟ್ಟಿ ಕೊಡ್ರಿ."

"ಹುಚ್ಚಪ್ಪಾ, ನಿನ್ನ ಹೆಣ್ತಿ ಮನಸು ಮುರೀಬ್ಯಾಡ. ಆಕಿ ಚಲೋ ಮಾಡತಾಳ."

"ತಮ್ಮನ ಮನ್ಯಾಗ ಹೆಂಗಿರ್ತೀರಿ?"

"ಇರ್ತೀನಿ. ಹಾಕಿದ್ದು ಉಣ್ತೀನಿ" ಅಂದಳು, ನನ್ನ ಕಡೆ ನೋಡದೆ.

ಗಂಟು ಎತ್ತಿಕೊಟ್ಟೆ. ಬಸ್ಸು ಹೋದ ಮೇಲೂ ಭಾಳ ಹೊತ್ತು ಅಲ್ಲೇ ನಿಂತಿದ್ದೆ. ಮನೆಯಲ್ಲಿ ಹೆಂಡತಿ ರೊಟ್ಟಿ ಮಾಡಿಟ್ಟು ನನ್ನ ದಾರಿ ಕಾಯುತ್ತಿದ್ದಳು.