ನಕಾಶೆಯ ಒಡ್ಡುಗಳು

ಯುದ್ಧದ ವರ್ಷಗಳಲ್ಲಿ ಅಣ್ಣ ನೆಲ ಅಳೆಯುವ ಮೋಜಣಿಯವರ ಸರಪಳಿ ಹಿಡಿಯಲು ಕ್ವೆಟ್ಟಾದಾಚೆಯ ಮರಳುಗಾಡಿನ ಗುಡ್ಡಗಳಿಗೆ ಹೋದ. ಮರಳಿ ಬಂದದ್ದು ಅವನಲ್ಲ, ಒಂದು ನಕಾಶೆ. ಜೊತೆಗಿದ್ದ ಬಂಕಾಪುರದವನೊಬ್ಬ ಅದನ್ನು ಹಾನಗಲ್ಲಿನ ನಮ್ಮ ಮನೆಗೆ ತಂದುಕೊಟ್ಟು ಪೆನ್ಸಿಲ್ ಗುರುತು ತೋರಿಸಿದ. ಆ ಹಳೆಯ ಹಾಳೆಯ ಪ್ರಕಾರ ಅಲ್ಲೊಂದು ಬಾವಿ ಇತ್ತಂತೆ. ಅದನ್ನು ನಂಬಿ ನೀರಿಗೆ ಹೋದ ಅಣ್ಣ ತಿರುಗಿ ಬರಲಿಲ್ಲ. ಮೂರು ದಿನ ಹುಡುಕಿದರು. ಬಾವಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ಅವ್ವ ಹಾಳೆಯ ಮೇಲೆ ಬೆರಳಾಡಿಸಿದಳು. ಗುಡ್ಡದ ತುಂಬ ಒತ್ತೊತ್ತಾಗಿ ಕಂದು ಗೆರೆಗಳು, ಹೊಲದಲ್ಲಿ ಮಳೆನೀರು ತಡೆಯಲು ಹಾಕುವ ಒಡ್ಡಿನ ಹಾಗೆ.

"ಇಷ್ಟ ಒಡ್ಡು ಹಾಕ್ಯಾರಂದ್ರ ಅಲ್ಲೆ ಒಕ್ಕಲಮಕ್ಕಳು ಅದಾರ. ನನ್ನ ಮಗಗ ರೊಟ್ಟಿ ಕೊಟ್ಟು ಇಟಗೊಂಡಿರ್ತಾರ" ಎಂದಳು.

ನಾನು ಶಿಗ್ಗಾಂವಿಯ ಮೋಜಣಿ ಕಚೇರಿಯಲ್ಲಿ ಕಾರಕೂನ. ಅವು ಒಡ್ಡಲ್ಲ, ಎತ್ತರ ತೋರಿಸುವ ಗೆರೆಗಳು, ಅಷ್ಟು ಒತ್ತಾಗಿದ್ದರೆ ಮನುಷ್ಯ ನಿಲ್ಲಲಾರದ ಕಡಿದಾದ ಬಂಡೆ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಅವ್ವ ಓಣಿಗೆಲ್ಲ ನಕಾಶೆ ತೋರಿಸಿದಳು, ಅಣ್ಣನ ಹೆಂಡತಿ, ನಮ್ಮ ವೈನಿಯ ಬಳೆ ತೆಗೆಯಲು ಯಾರಿಗೂ ಬಿಡಲಿಲ್ಲ.

ಎರಡು ವರ್ಷ ಕಳೆದ ಮೇಲೆ ವೈನಿಗೆ ಸವಣೂರಿನಿಂದ ಉಡಿಕೆಯ ಮಾತು ಬಂತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೆ ಸಂಸಾರ ಕಟ್ಟಿಕೊಡುವ ಪದ್ಧತಿ ನಮ್ಮಲ್ಲುಂಟು. ಆದರೆ ಗಂಡ ಸತ್ತಿರಬೇಕು. ಅವ್ವ ಬಂದವರ ಮುಂದೆ ನಕಾಶೆ ಹಾಸಿದಳು. ಬಾಗಿಲ ಮರೆಯಲ್ಲಿದ್ದ ವೈನಿ, ಮೋಜಣಿ ಬಲ್ಲವರು ನೀವು, ನೀವೇ ಹೇಳಿರಿ ಎಂದು ನನ್ನನ್ನು ಕೇಳಿದಳು.

"ಒಡ್ಡಿದ್ದಂಗ ಕಾಣ್ತಾವು" ಎಂದುಬಿಟ್ಟೆ.

ಅವ್ವನ ಎದೆ ಒಡೆದೀತೆಂದು ಹಾಗೆಂದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ವೈನಿ ಹೋದರೆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಎಂಬುದೇ ಮೊದಲು ಹೊಳೆದದ್ದು. ಥೂ, ನನ್ನ ಜನ್ಮಕ್ಕಿಷ್ಟು. ಸವಣೂರಿನವರು ಹಿರೇಕೆರೂರಿನಲ್ಲಿ ಬೇರೆ ಹೆಣ್ಣು ನೋಡಿಕೊಂಡರು.

ಅವ್ವ ತೀರಿಕೊಂಡ ಮೇಲೆ ವೈನಿಗೆ ನಿಜ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಒಡ್ಡು ಅಂದಮ್ಯಾಲ ಹೆಚ್ಚಿನ ನೀರು ಹೋಗಾಕ ಕೋಡಿ ಬೇಕಲ್ರಿ. ಆ ಗೆರಿಯೊಳಗ ಒಂದೂ ಕೋಡಿ ಇರಲಿಲ್ಲ. ನನಗ ಅವತ್ತ ಗೊತ್ತಿತ್ತು" ಎಂದಳು. "ನಿಮ್ಮ ಬಾಯಿಲೆ ಬರಲಿ ಅಂತ ಕೇಳಿದ್ನಿ. ನಾ ಹೇಳಿದ್ರ ಯಾರು ಕೇಳ್ತಿದ್ರು?"