ಸೋಮವಾರದ ಉಪವಾಸ, ವಾರದ ಗುಳಿಗೆ

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ, ಒಂದು ಬೆಳಗ್ಗೆ ನನ್ನ ಎಡಗೈ ಬಿಚ್ಚಲಿಲ್ಲ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಮನೆಯಲ್ಲಿ ಎಂದಿನಂತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತಿದ್ದೆ. ಕೊರಳಲ್ಲಿ ಕಟ್ಟಿಕೊಂಡ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಬೇಕು, ಬೆರಳುಗಳು ಅರ್ಧಕ್ಕೇ ನಿಂತುಬಿಟ್ಟವು. ಬಲಗೈಯಿಂದ ಒಂದೊಂದೇ ಬೆರಳು ಹಿಡಿದು ಬಿಡಿಸಿದೆ. ಲಿಂಗ ಇಟ್ಟೆ, ಕೈ ನಡುಗಿತು. ಎಲ್ಲಿ ಬಿದ್ದೀತೋ ಎಂದು ಎದೆಗೆ ಅವಚಿಕೊಂಡೆ. ಚಿಕ್ಕವಳಿದ್ದಾಗ ಲಿಂಗದೀಕ್ಷೆಯಾದಂದಿನಿಂದ ಅಂಥ ಭಯ ನನಗೆ ಬಂದಿರಲಿಲ್ಲ.

ನಾನು ಜಂಪರ, ಅಂದರೆ ರವಿಕೆ, ಹೊಲಿಯುವವಳು. ಬೆರಳು ನೋಯುವುದು ಹೊಲಿಗೆಯಿಂದಲೇ ಎಂದುಕೊಂಡು ಚಳಿಗಾಲವೆಲ್ಲ ಎಣ್ಣೆ ತಿಕ್ಕಿದೆ. ಓಣಿಯವರು ಹೇಳಿದ ಎಣ್ಣೆಗಳನ್ನೆಲ್ಲ ತಿಕ್ಕಿದ್ದರಿಂದ ಹಾಸಿಗೆಗೆ ವಾಸನೆ ಹಿಡಿಯಿತೇ ಹೊರತು ಬೆರಳಿನ ಬಾವು ಇಳಿಯಲಿಲ್ಲ. ಕೊನೆಗೆ ನಮ್ಮ ಮನೆಯವರು ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರ್‌ಬಾಯಿ ನನ್ನ ಬೆರಳ ಗೆಣ್ಣುಗಳನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ ಹೇಳಿದರು:

"ಅಕ್ಕಾರ, ಇದು ರುಮಟಾಯ್ಡ್ ಸಂಧಿವಾತ. ವಯಸ್ಸಿಗೆ ಬರೋ ಕೀಲುನೋವಲ್ಲ. ಭಾಳ ವರ್ಷ ಗುಳಿಗಿ ನುಂಗಬೇಕಾಗ್ತೈತಿ. ನಡುವ ಬಿಟ್ರ ಬೆರಳು ಸೊಟ್ಟ ಆಗ್ತಾವ, ಆಮ್ಯಾಲೆ ಯಾರಿಂದಾನೂ ನೆಟ್ಟಗ ಮಾಡಾಕ ಆಗಂಗಿಲ್ಲ."

ಮುಖ್ಯವಾದ ಗುಳಿಗೆ ವಾರಕ್ಕೆ ಒಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಅಪಾಯ ಎಂದು ಮತ್ತೆ ಮತ್ತೆ ಹೇಳಿದರು. "ಮರಿಯದಂಗ ಒಂದು ವಾರ ಗೊತ್ತು ಮಾಡ್ಕೊಳ್ರಿ" ಎಂದರು. ನಾನು ತಟ್ಟನೆ "ಸ್ವಾಮಾರ ರೀ" ಎಂದೆ. ಸೋಮವಾರವನ್ನು ನಾನು ಮರೆಯುವುದುಂಟೆ?

ಸೋಮವಾರ ನನ್ನ ಉಪವಾಸ. ಮದುವೆಗೆ ಮುಂಚಿನಿಂದ ನಡೆದು ಬಂದದ್ದು. ಬೆಳಗಿನ ಪೂಜೆಯಲ್ಲಿ ಲಿಂಗಕ್ಕೆರೆದ ಪಾದೋದಕ ಬಿಟ್ಟರೆ ಸಂಜೆ ದೀಪ ಹಚ್ಚುವ ತನಕ ಹನಿ ನೀರು ಮುಟ್ಟುವುದಿಲ್ಲ. ಇದನ್ನು ಡಾಕ್ಟರ್‌ಬಾಯಿಗೆ ಹೇಳಲಿಲ್ಲ. ಅವರಿಗೇನು, ಯಾರಿಗೂ ಹೇಳುವವಳಲ್ಲ. "ನೇಮ ಬಾಯಿಬಿಟ್ಟು ಹೇಳಿದರ ಅದರ ಪುಣ್ಯ ಕೇಳಿದವರ ಪಾಲಾಗ್ತೈತಿ" ಎಂದು ನಮ್ಮವ್ವ ಹೇಳುತ್ತಿದ್ದಳು. ನಮ್ಮ ಮನೆಯವರಿಗಷ್ಟೇ ಗೊತ್ತು, ಅವರಿಗೆ ಅದು ಗೋಡೆಯ ಗಡಿಯಾರದಷ್ಟು ರೂಢಿಯಾಗಿ ಹೋಗಿದೆ. ಹೀಗೆ ಪ್ರತಿ ಸೋಮವಾರ ಪೂಜೆ ಮುಗಿಸಿ, ಆ ಒಂದು ಚಮಚ ಪಾದೋದಕದೊಂದಿಗೆ ವಾರದ ಗುಳಿಗೆಗಳನ್ನು ನುಂಗುತ್ತಿದ್ದೆ. ಔಷಧಕ್ಕೆ ಇದಕ್ಕಿಂತ ದೊಡ್ಡ ಅನುಪಾನ ಉಂಟೆ ಎಂಬ ಹೆಮ್ಮೆ ಬೇರೆ.

ಖರೆ ಹೇಳಬೇಕೆಂದರೆ ಗುಳಿಗೆ ಕೆಲಸ ಮಾಡಿತು. ಯುಗಾದಿ ದಾಟುವಷ್ಟರಲ್ಲಿ ಬೆರಳ ಬಾವು ಇಳಿಯಿತು, ಅಂಗೈ ಬಿಚ್ಚಿತು. ಲಿಂಗ ಅಂಗೈಯಲ್ಲಿ ಅಲುಗದೆ ಕುಳಿತ ದಿನ ನಾನು ಪೂಜೆ ಅರ್ಧಕ್ಕೆ ನಿಲ್ಲಿಸಿ ಅತ್ತೆ. ಸೂಜಿಗೆ ದಾರ ಪೋಣಿಸುವುದೂ ಬಂತು.

ಆದರೆ ಕೈ ಕೊಟ್ಟ ಗುಳಿಗೆ ಬೇರೆ ಒಂದೊಂದನ್ನೇ ಕಸಿದುಕೊಳ್ಳತೊಡಗಿತು. ಮೊದಲಿಗೆ ಜಡೆ ಸಣ್ಣಗಾಯಿತು. ಜೊತೆಗೆ ಕೊಟ್ಟಿದ್ದ ಸ್ಟಿರಾಯ್ಡ್ ಗುಳಿಗೆಯಿಂದ ಮುಖ ಊದಿಕೊಂಡಿತು. ಕುರ್ತಕೋಟಿಯಲ್ಲಿ ಒಂದು ಮದುವೆಗೆ ಹೋದರೆ ಬೀಗರೆಲ್ಲ "ಏನವಾ, ಮೈಕೈ ತುಂಬಿಕೊಂಡು ಚಲೋ ಆಗೀಯಲ್ಲ, ಗದಗಿನ ನೀರು ಹಿಡಿಸೇತಿ" ಎನ್ನುವುದೇ. ಬೇನೆಯಿಂದ ಊದಿದ್ದನ್ನು ಸುಖ ಎಂದು ಹೊಗಳಿಸಿಕೊಂಡು, ನಕ್ಕು, ಹೋಳಿಗೆಯನ್ನು ಹಾಗೆಯೇ ಎಲೆಯಲ್ಲಿ ಬಿಟ್ಟು ಬಂದೆ. ಏಕೆಂದರೆ ಅಷ್ಟರಲ್ಲಿ ಊಟವೂ ಬೇಡವಾಗಿತ್ತು. ಸೋಮವಾರ ಮಧ್ಯಾಹ್ನ ಹೊಟ್ಟೆ ತೊಳಸಲು ಶುರುವಾದರೆ ಮಂಗಳವಾರವೆಲ್ಲ ಹಾಸಿಗೆ. ಪಕ್ಕದ ಮನೆಯ ಒಗ್ಗರಣೆಗೂ ವಾಂತಿ. ಬುಧವಾರ ಎದ್ದು ಮಷಿನ್ ಮುಂದೆ ಕುಳಿತರೆ, ಮತ್ತೆ ಸೋಮವಾರ ಬರುತ್ತದಲ್ಲ ಎಂಬ ಹೆದರಿಕೆ.

ಆಮೇಲೆ ಬಾಯಿ ಹುಣ್ಣು. ನಾಲಿಗೆಯ ಅಂಚಿಗೆ, ತುಟಿಯ ಒಳಗೆ. ಗದಗಿನ ಕಡೆಯವಳಾಗಿ ಕೆಂಪುಖಾರ, ಸೇಂಗಾ ಚಟ್ನಿ ಬಿಟ್ಟು ಬರೀ ಹಾಲು ಅನ್ನ ಉಣ್ಣುವುದೆಂದರೆ ಎಷ್ಟು ಕಷ್ಟವೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅದನ್ನೂ ಸಹಿಸಿದೆ. ಸಹಿಸಲಾಗದ್ದು ಒಂದೇ: ಬೆಳಗಿನ ಪಾದೋದಕ ನಾಲಿಗೆಗೆ ತಾಗಿದರೆ ಉರಿ ಏಳುತ್ತಿತ್ತು. ಬರೀ ನೀರು ಅದು, ವಿಭೂತಿ ಸೋಕಿದ ನೀರು. ನನ್ನ ದೇವರ ನೀರೇ ನನ್ನನ್ನು ಸುಡುತ್ತಿದೆಯಲ್ಲ ಎಂದು ದುಃಖವಾಗುತ್ತಿತ್ತು.

"ಗುಳಿಗಿ ಉಷ್ಣ" ಎಂದು ಎಲ್ಲರೂ ಹೇಳಿದರು. ನಮ್ಮ ಮನೆಯವರು ಪಾಪ, ಕಾಮಕಸ್ತೂರಿ ಬೀಜ ನೆನೆಹಾಕಿ ಕೊಡುತ್ತಿದ್ದರು. ನಾನು ಮಾಡಿದ್ದು ಬೇರೆ. ಕಷ್ಟ ಹೆಚ್ಚಾದಂತೆ ನೇಮ ಬಿಗಿ ಮಾಡಿದೆ. ಹೋದ ಶ್ರಾವಣದಲ್ಲಿ ಸೋಮವಾರ ಸಂಜೆಯ ಊಟವನ್ನೂ ಬಿಟ್ಟೆ. ಹುಣ್ಣು ಇನ್ನೂ ಹೆಚ್ಚಿದವು. ಆಸ್ಪತ್ರೆಗೆ ಹೋದಾಗ ಡಾಕ್ಟರ್‌ಬಾಯಿ "ಊಟ ಬರೋಬ್ಬರಿ ಮಾಡ್ತೀರಲ್ಲ?" ಎಂದು ಕೇಳಿದರೆ "ಹೂಂ ರೀ" ಎನ್ನುತ್ತಿದ್ದೆ. ವಾರದಲ್ಲಿ ಒಂದು ದಿನ ಬಿಟ್ಟು ಉಳಿದ ದಿನ ಉಣ್ಣುತ್ತಿದ್ದೆನಲ್ಲ, ಸುಳ್ಳೇನಲ್ಲ ಎಂಬ ಸಮಾಧಾನ.

ಗುಳಿಗೆ ಬಾಯಲ್ಲಿಟ್ಟ ಬಿಸಿ ತುಪ್ಪದಂತಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಬಿಟ್ಟರೆ ಅಂಗೈ ಮುಚ್ಚುತ್ತದೆ. ಬಿಡದಿದ್ದರೆ ಈ ಬಾಳು. ಶ್ರಾವಣ ಮುಗಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ದೇವರನ್ನೇ ಕೇಳುವುದು, ಬಿಡು ಎಂದರೆ ಬಿಡುವುದು.

ನನ್ನ ತವರು ಶಿರಹಟ್ಟಿಯಿಂದ ಸ್ವಲ್ಪ ಆಚೆಯ ಹಳ್ಳಿ. ಅಲ್ಲಿಯ ಕಲ್ಮೇಶ್ವರನಿಗೆ ಹೂವಿನ ಪ್ರಸಾದ ಕೇಳುವ ರೂಢಿ ಇದೆ. ಪೂಜೆಯ ಅಯ್ಯನವರು ಎರಡು ಹೂವನ್ನು ನೀರಲ್ಲಿ ಅದ್ದಿ ಲಿಂಗದ ಎಡಕ್ಕೊಂದು ಬಲಕ್ಕೊಂದು ಹಚ್ಚುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆ, ಮನೆ, ಬೋರ್‌ವೆಲ್ ಎಲ್ಲಕ್ಕೂ ಊರವರು ಅವನನ್ನೇ ಕೇಳುತ್ತಾರೆ.

ಭಾನುವಾರ ಶಿರಹಟ್ಟಿ ಬಸ್ಸು ಹತ್ತಿ ತವರಿಗೆ ಹೋದೆ. ಸೋಮವಾರ ಬೆಳಗ್ಗೆ ಪೂಜೆ ಮಾಡಿ, ಪಾದೋದಕದಲ್ಲಿ ಗುಳಿಗೆ ನುಂಗಿ, ನಮ್ಮಣ್ಣನ ಹೆಂಡತಿಯ ಜೊತೆ ಗುಡಿಗೆ ಹೊರಟೆ. ನಮ್ಮ ವೈನಿ ಗಟ್ಟಿ ಹೆಂಗಸು, ಊರಲ್ಲಿ ಅವಳ ದನಿ ಅವಳಿಗಿಂತ ಮೊದಲು ಮನೆ ಸೇರುತ್ತದೆ.

ಅಯ್ಯನವರು ಹೂವು ಹಚ್ಚಿ ನಿಂತರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳತೊಡಗಿದೆ.

"ಮನಸಿನ್ಯಾಗ ಬ್ಯಾಡ ತಂಗಿ" ಎಂದರು. "ಇಲ್ಲಿ ಬಾಯಿಬಿಟ್ಟು ಕೇಳೋ ಪದ್ಧತಿ ಐತಿ. ಏನು ಬೇಕು, ಯಾಕ ಬೇಕು, ಎಲ್ಲಾ ಹೇಳು. ಮುಚ್ಚಿಟ್ಟು ಕೇಳಿದರ ಅಂವ ಪ್ರಸಾದ ಕೊಡಂಗಿಲ್ಲ."

ದೇವರಿಗೆ ಹೇಳಿದರೆ ಪುಣ್ಯ ಎಲ್ಲಿಗೆ ಹೋದೀತು, ಅವನದೇ ಅವನಿಗೆ ಎಂದುಕೊಂಡು ಬಾಯಿಬಿಟ್ಟೆ. "ಅಪ್ಪಾ ಕಲ್ಮೇಶ, ನಿನ್ನ ಹೆಸರಿಲೆ ಸ್ವಾಮಾರ ಹನಿ ನೀರು ಮುಟ್ಟಂಗಿಲ್ಲ. ಶ್ರಾವಣದಿಂದ ಸಂಜಿ ಊಟಾನೂ ಬಿಟ್ಟೇನಿ. ನಿನ್ನ ಪಾದೋದಕದಾಗ ಗುಳಿಗಿ ನುಂಗ್ತೇನಿ. ಇಷ್ಟು ಮಾಡಿದ್ರೂ ವಾಂತಿ ನಿಂದ್ರವಲ್ದು, ಬಾಯಿ ಹುಣ್ಣು ಮಾಯವಲ್ದು. ಇನ್ನ ಈ ಗುಳಿಗಿ ಬಿಡ್ಲ್ಯಾ?"

ಹೂವು ಬೀಳಲಿಲ್ಲ. ಬದಲಿಗೆ ಹಿಂದಿನಿಂದ ವೈನಿಯ ದನಿ ಬಂತು.

"ಏನಂದಿ? ಉಪಾಸದಾಗ ನುಂಗ್ತೀಯೇನು ಗುಳಿಗಿ? ನೀರೂ ಇಲ್ದಂಗ?"

"ದೇವರ ಮುಂದ ಸುಮ್ಮನಿರು ವೈನಿ."

"ಸುಮ್ಮನ ಹ್ಯಾಂಗ ಇರ್ಲಿ? ಜ್ವರದ ಗುಳಿಗಿ ಸೈತ ನಾವು ಉಂಡ ಮ್ಯಾಲೆ ನುಂಗ್ತೇವಿ. ಡಾಕ್ಟರಿಗೆ ಇದನ್ನ ಹೇಳಿಯೇನು?"

"ನೇಮ ಯಾರರ ಹೇಳ್ತಾರೇನು?"

ಅಷ್ಟು ಹೇಳಿದ್ದು ನೆನಪಿದೆ. ಕಣ್ಣು ಕತ್ತಲಿಟ್ಟಿತು, ಗರ್ಭಗುಡಿಯ ಹೊಸ್ತಿಲ ಬಳಿಯೇ ಕುಸಿದು ಕುಳಿತೆ. ವೈನಿ ತಲೆ ಹಿಡಿದುಕೊಂಡಳು. ಅಯ್ಯನವರು ನಾನೇ ತಂದ ಹಣ್ಣುಕಾಯಿಯ ತಟ್ಟೆಯಿಂದ ಬಾಳೆಹಣ್ಣು ಸುಲಿದು ಮುಂದೆ ಹಿಡಿದರು. ನಾನು ಒಲ್ಲೆ ಎಂದು ತಲೆಯಾಡಿಸಿದೆ, ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ.

"ಅಂವಗ ಏರಿಸಿದ ಹಣ್ಣಿದು" ಎಂದರು ಅಯ್ಯನವರು. "ಪ್ರಸಾದ ತಿಂದರ ಉಪಾಸ ಮುರಿಯಂಗಿಲ್ಲ. ಒಲ್ಲೆ ಅಂದ್ರ ಮುರಿತೈತಿ ನೋಡು."

ತಿಂದೆ. ಎರಡು ತಂಬಿಗೆ ನೀರು ಕುಡಿದೆ. ಅಷ್ಟು ವರ್ಷಗಳಲ್ಲಿ ಸೋಮವಾರದ ಹಗಲು ನೀರು ಕುಡಿದದ್ದು ಅದೇ ಮೊದಲು. ಮೇಲೆ ನೋಡಿದರೆ ಎರಡೂ ಹೂವು ಹಾಗೆಯೇ ಇದ್ದವು. ಬೀಳುವ ತನಕ ಕಾಯೋಣವೆಂದೆ. ವೈನಿ ಕೇಳಬೇಕಲ್ಲ, "ಅಂವ ಇಲ್ಲೇ ಇರ್ತಾನ, ಬಸ್ಸು ಇರಂಗಿಲ್ಲ" ಎಂದು ರಟ್ಟೆ ಹಿಡಿದು ಎಬ್ಬಿಸಿದಳು.

ಗದಗಿಗೆ ಬಂದಾಗ ಆಸ್ಪತ್ರೆಯಲ್ಲಿ ಡಾಕ್ಟರ್‌ಬಾಯಿ ಇನ್ನೂ ಇದ್ದರು. ವೈನಿ ನನಗೆ ಬಾಯಿ ತೆರೆಯಲು ಬಿಡದೆ ಎಲ್ಲ ಹೇಳಿದಳು. ಡಾಕ್ಟರ್‌ಬಾಯಿ ಎಲ್ಲ ಕೇಳಿ ನನ್ನ ಕಡೆ ತಿರುಗಿದರು.

"ಅಕ್ಕಾರ, ಈ ಗುಳಿಗೀಗೆ ನೀರು ಬೇಕು, ಅನ್ನ ಬೇಕು. ನೀರಿಲ್ಲದ ದಿನ ನುಂಗಿದ್ರ ಅದು ಮೈಯಾಗಿಂದ ಜಲ್ದಿ ಹೊರಗ ಹೋಗಂಗಿಲ್ಲ. ಎಲ್ಲಾ ತ್ರಾಸು ಉಪಾಸದಿಂದನ ಬಂತು ಅನ್ನಂಗಿಲ್ಲ, ಆದ್ರ ಅದರಿಂದ ಹೆಚ್ಚಾಗಿರಬೇಕು. ಮೊದಲ ರಕ್ತ ನೋಡೋಣು. ಲಿವರ್ ಕೆಟ್ಟಿತ್ತಂದ್ರ ಈ ಗುಳಿಗಿ ನಾನ ನಿಲ್ಲಿಸಬೇಕಾಗ್ತೈತಿ."

ರಿಪೋರ್ಟು ಬರುವುದು ಮರುದಿನ. ವೈನಿ ನಮ್ಮ ಮನೆಯಲ್ಲೇ ಉಳಿದಳು. ನನ್ನ ಮನಸ್ಸಿನ ವಿಚಿತ್ರ ನೋಡಿ: ಗುಳಿಗೆ ಬಿಡಿಸು ಎಂದು ಬೇಡಲು ಹೋದವಳು, ಈಗ ಬಿಡಿಸಬೇಡಪ್ಪ ಎಂದು ಬೇಡುತ್ತಿದ್ದೆ. ಅಂಗೈಯನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡಿಕೊಂಡೆ. ಮಂಗಳವಾರ ಬೆಳಗ್ಗೆ ಪೂಜೆಗೆ ಕುಳಿತಾಗ, ಇನ್ನೆಷ್ಟು ದಿನ ಹೀಗೆ ಹಿಡಿಯುವ ಭಾಗ್ಯವೋ ಎಂದು ಲಿಂಗವನ್ನು ಬಹಳ ಹೊತ್ತು ದೃಷ್ಟಿಸಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಏಳು, ಆಟೋ ಬಂದೈತಿ. ಏನ ಆದ್ರೂ ನಾ ಅದೇನಿ" ಎಂದರು.

ಡಾಕ್ಟರ್‌ಬಾಯಿ ರಿಪೋರ್ಟು ನೋಡಿ ಕನ್ನಡಕ ತೆಗೆದರು. ಲಿವರ್ ಸ್ವಲ್ಪ ದಣಿದಿದೆ, ಕೆಟ್ಟಿಲ್ಲ. ರಕ್ತವೂ ಸ್ವಲ್ಪ ಕಡಿಮೆ. ಗುಳಿಗೆಯನ್ನು ಕೆಲವು ವಾರ ತಡೆದು, ಮತ್ತೆ ಪರೀಕ್ಷೆ ಮಾಡಿ, ಸುಧಾರಿಸಿದ್ದರೆ ಪುನಃ ಶುರು ಮಾಡೋಣವೆಂದರು. ಬಾಯಿ ಹುಣ್ಣು ಮಾಯಲೆಂದು, ಮೊದಲಿನಿಂದ ಕೊಡುತ್ತಿದ್ದ ವಿಟಮಿನ್ ಗುಳಿಗೆಯನ್ನು ಹೆಚ್ಚಿಸಿದರು. ಸ್ಟಿರಾಯ್ಡನ್ನು ಮೆಲ್ಲಗೆ ಇಳಿಸುತ್ತ ಬಂದರು, ಒಮ್ಮೆಲೇ ಬಿಡಬಾರದಂತೆ.

"ಇನ್ನ ವಾರದ ಗುಳಿಗಿ ಗುರುವಾರ, ರಾತ್ರಿ ಊಟ ಆದ ಮ್ಯಾಲೆ" ಎಂದರು. "ಸ್ವಾಮಾರ ನಿಮ್ಮ ದೇವರಿಗೆ ಇರ್ಲಿ. ಆದ್ರ ನೀರು ಮಾತ್ರ ಯಾವ ದಿನಾನೂ ಬಿಡಬ್ಯಾಡ್ರಿ. ನಿಮ್ಮ ದೇವರು ನೀರು ಬ್ಯಾಡ ಅಂದಾನೇನು?"

ಇಲ್ಲ, ಅವನು ಎಂದೂ ಹಾಗೆ ಅಂದಿರಲಿಲ್ಲ. ಲಿಂಗಕ್ಕೆ ದಿನಾ ನೀರೆರೆಯುವವಳು ನಾನೇ.

ಎಲ್ಲವೂ ಒಮ್ಮೆಲೇ ಸರಿಹೋಯಿತು ಎಂದರೆ ನಂಬಬೇಡಿ. ತಡೆದ ವಾರಗಳಲ್ಲಿ ಬೆರಳು ಮತ್ತೆ ಬಿಗಿದವು, ಹೆದರಿದೆ. ಎರಡನೆಯ ಪರೀಕ್ಷೆ ಚೆನ್ನಾಗಿ ಬಂದು ಗುಳಿಗೆ ಮತ್ತೆ ಶುರುವಾಯಿತು, ಈ ಸಲ ಗುರುವಾರ. ಸೋಮವಾರದ ಉಪವಾಸ ಉಳಿಸಿಕೊಂಡೆ, ನೀರು ಮಾತ್ರ ಬಿಡುವುದಿಲ್ಲ. ಈಗಲೂ ಶುಕ್ರವಾರ ಬೆಳಗ್ಗೆ ಸ್ವಲ್ಪ ಸುಸ್ತು ಇರುತ್ತದೆ, ಆ ದಿನ ಹೊಲಿಗೆ ಇಟ್ಟುಕೊಳ್ಳುವುದಿಲ್ಲ. ಜಡೆ ಇನ್ನೂ ಸಣ್ಣದೇ. ಮುಖ ಇಳಿದದ್ದಕ್ಕೆ ಕುರ್ತಕೋಟಿಯ ಬೀಗರು "ಯಾಕವಾ, ಸೊರಗೀಯಲ್ಲ" ಎಂದು ಮರುಗಿದರು. ಜನರನ್ನು ಮೆಚ್ಚಿಸುವ ಗುಳಿಗೆ ಯಾವ ಡಾಕ್ಟರ ಹತ್ತಿರವೂ ಇಲ್ಲ.

ಕಾರ್ತಿಕದಲ್ಲಿ ಕಲ್ಮೇಶ್ವರನಿಗೆ ಕಾಯಿ ಒಡೆಸಲು ಹೋದಾಗ ಅಯ್ಯನವರನ್ನು ಕೇಳಿದೆ, ಆ ದಿನ ಹೂವು ಯಾವ ಕಡೆ ಬಿತ್ತೆಂದು.

"ಬೀಳಲಿಲ್ಲ ತಂಗಿ. ಮರುದಿನ ಪೂಜಿಗೆ ನಾನ ತಗದೆ" ಎಂದರು. "ನಿನಗ ಹೇಳೋದನ್ನ ನಿನ್ನ ಬಾಯಿಲೇನ ಹೇಳಿಸ್ಯಾನ. ಇನ್ನ ಹೂವು ಯಾಕ ಬೇಕು?"

ಹೋದ ತಿಂಗಳು ಲಕ್ಷ್ಮೇಶ್ವರದಲ್ಲಿ ಪುರಾಣ ಕೇಳಲು ಹೋಗಿದ್ದೆ. ಪಕ್ಕದಲ್ಲಿ ಕುಳಿತ ಮುಂಡರಗಿಯ ಹೆಣ್ಣುಮಗಳೊಬ್ಬಳ ಬೆರಳುಗಳು ಮೊದಲಿನ ನನ್ನ ಬೆರಳುಗಳಂತೆಯೇ ಇದ್ದವು. ಕೇಳಿದರೆ ಅದೇ ಗುಳಿಗೆ, ಅದೇ ವಾಂತಿ. ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದಾಳೆ. ಅವಳನ್ನು ಆ ಡಾಕ್ಟರ್‌ಬಾಯಿಯ ಹತ್ತಿರ ನಾನೇ ಕರೆದುಕೊಂಡು ಹೋದೆ. ಆದರೆ ನಾನು ಕಾಣದ ಎಷ್ಟು ಮಂದಿ ಹಾಗಿದ್ದಾರೋ ಎಂದು ಇದನ್ನು ಬರೆಯುತ್ತಿದ್ದೇನೆ. ನೇಮ ಹೇಳಿದರೆ ಪುಣ್ಯ ಕೇಳಿದವರ ಪಾಲಾಗುವುದಾದರೆ ಆಗಲಿ, ಓದಿದ ನೀವೆಲ್ಲ ಹಂಚಿಕೊಳ್ಳಿ. ನನ್ನ ಪಾಲು ನನಗೆ ಸಿಕ್ಕಿದೆ.

ಈ ಸೋಮವಾರವೂ ಪೂಜೆಗೆ ಕುಳಿತೆ. ಎಡಗೈ ತಾನಾಗಿಯೇ ಬಿಚ್ಚಿತು, ಲಿಂಗ ಅಲುಗದೆ ನಿಂತಿತು. ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದೆ. ಕೊನೆಗೆ ಪಾದೋದಕ ತೆಗೆದುಕೊಂಡೆ. ನಾಲಿಗೆಗೆ ತಣ್ಣಗಿತ್ತು.